ನೆರಳು ಹಿಡಿದವರು

ಜನವರಿ 4, ಶನಿವಾರ. ಬೆಳಿಗ್ಗೆ

ಮತ್ತೆ ಎರಡು ಟವೆಲ್ ನದೀಲಿ ಅದ್ದಿ ತಂದು ಟೆಂಟಿನ ಮೇಲೆ ಹಾಸಿದೆ. ಲೋಟ ತೊಳೆದಿಡೋಷ್ಟರಲ್ಲಿ ಒಣಗಿ ಹಪ್ಪಳ. ಮತ್ತೆ ಅದ್ದು, ಮತ್ತೆ ಹಾಸು. ಇದಕ್ಕೆ ಬೇಸಿಗೆ ರಜೆ ಅಂತ ಹೆಸರು.

ಝುಲೇಮಾ ಮಾತ್ರ ಆ ತಿಂಬೋ ಅನ್ನೋ ದೊಡ್ಡ ಮರದ ಕೆಳಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾಳೆ. ಕ್ಯಾಂಪಿಗೆಲ್ಲ ನೆರಳು ಅನ್ನೋ ನೆರಳು ಇರೋದು ಅದೊಂದೇ ಮರದ್ದು. ತನ್ನ ಗಂಡ ಅಬೇಲ್‌ನ ಬೆಳಗಾಗೋ ಮುಂಚೆ ಎಬ್ಬಿಸಿ ಕೊರಿಯೆಂತೆಸ್ ಊರು ಬಿಟ್ಟು ಬಂದಿದ್ದು ಅದಕ್ಕೇ. ಓರಗಿತ್ತಿ ಅಂದ್ರೆ ಹೀಗಿರಬೇಕು. ನಾವು ಬರೋ ಹೊತ್ತಿಗೆ ಅವಳ ಟೆಂಟು, ಮೇಜು, ಜೋಲಿ, ಎಲ್ಲ ನೆರಳಲ್ಲಿ ಕಾಲು ಚಾಚಿಕೊಂಡಾಗಿತ್ತು.

"ಅಯ್ಯೋ ನಿಲ್ದಾ, ನಿಮಗೂ ಜಾಗ ಇಡೋಣ ಅಂದ್ಕೊಂಡೆ ಕಣೇ. ನೀವು ಬರ್ತೀರೋ ಇಲ್ವೋ ಅಂತ..."

ಬರ್ತೀವಿ ಅಂತ ಕ್ರಿಸ್‌ಮಸ್‌ನಿಂದ ಬಡ್ಕೋತಿದ್ದೀವಿ.

ನೆರಳು ಅವರಿಗೆ. ಮಾವ ನಮಗೆ. ಝುಲೇಮಾಗೆ ನಿದ್ದೆಯ ತೊಂದರೆಯಂತೆ, ಗೊರಕೆ ಆಗಲ್ಲವಂತೆ. ಹಾಗಾಗಿ ಮಾವ ಡಾನ್ ಎವಾರಿಸ್ಟೋ ನಮ್ಮ ಟೆಂಟಲ್ಲಿ, ನಡುವೆ ಒಂದು ಬೆಡ್‌ಶೀಟ್ ಪರದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಬಾಯಲ್ಲಿ ನನಗೊಂದು ಹೆಸರಿಲ್ಲ. "ಏ ಇವಳೇ." ಅಷ್ಟೇ.

ಹಸಿರು ನೆರಳು ಬಲೆ ತಂದಿದ್ದೆ, ಟೆಂಟಿನ ಮೇಲೆ ಕಟ್ಟೋಕೆ. ನದಿಯಿಂದ ಬಂದು ನೋಡ್ತೀನಿ — ಮುದುಕ ಅದನ್ನ ತನ್ನ ಹಳೇ ಕಾರಿಗೆ ಹೊದಿಸಿ ನಾಲ್ಕೂ ಮೂಲೆ ಬಿಗಿದು ಕಟ್ಟಿದ್ದಾರೆ.

"ಮಾವ, ಅದು ಟೆಂಟಿಗೆ ತಂದಿದ್ದು."

"ಬಿಸಿಲಿಗೆ ಬಣ್ಣ ಸುಲಿಯತ್ತೆ."

"ನಮ್ಮ ಚರ್ಮ ಸುಲಿಯಲ್ವಾ?"

"ಚರ್ಮ ಮತ್ತೆ ಬರತ್ತೆ, ಇವಳೇ."

ರಮೀರೋ ನಕ್ಕ. ನನ್ನ ಗಂಡ. ನಕ್ಕ.

ಜನವರಿ 5, ಭಾನುವಾರ

ಟೆಂಟಿನೊಳಗೆ ಎಂಟು ಗಂಟೆಗೇ ಕುದಿಯೋ ಪಾತ್ರೆ ಮುಚ್ಚಳ ತೆಗೆದ ಹಾಗೆ ಹಬೆ. ಮೂವರ ಬೆವರು ತಗಡಿನಂಥ ಬಟ್ಟೆಗೆ ತಾಗಿ ಮತ್ತೆ ನಮ್ಮ ಮೇಲೇ ತೊಟ್ಟಿಕ್ಕತ್ತೆ.

ಮಧ್ಯಾಹ್ನ ಕುರ್ಚಿಗಳನ್ನ ನದಿಯೊಳಗೇ ಹಾಕಿಕೊಂಡು ಸೊಂಟದ ತನಕ ನೀರಲ್ಲಿ ಕೂತ್ವಿ. ಅದೊಂದೇ ಸುಖ. ಝುಲೇಮಾ ತೆರೆರೆ, ಅದೇ ತಣ್ಣನೆ ಎಲೆ ಕಷಾಯ, ಕೊಡ್ತಿದ್ಲು — ಒಂದೇ ಬಟ್ಟಲು, ಒಂದೇ ಕೊಳವೆ, ಐಸ್ ನೀರು ಹುಯ್ದು ಹುಯ್ದು ಒಬ್ಬೊಬ್ಬರಿಗೇ ಸರದಿ. ಅಬೇಲ್, ರಮೀರೋ, ಮಾವ, ತಾನು. ಮತ್ತೆ ಅಬೇಲ್. ನನ್ನ ಸರದಿ ಎಲ್ಲಿ?

"ನೀನು ಥ್ಯಾಂಕ್ಸ್ ಅಂದೆಯಲ್ಲ! ಥ್ಯಾಂಕ್ಸ್ ಅಂದ್ರೆ ಸಾಕು ಅಂತ ತಾನೇ?"

ಅಂದಿರಲಿಲ್ಲ. ಅವಳಿಗೆ ಥ್ಯಾಂಕ್ಸ್ ಅನ್ನೋ ಮಾತು ನನ್ನ ಬಾಯಿಂದ ಬಂದು ಯಾವ ಕಾಲವಾಯ್ತೋ.

ಎದ್ದು ಬಂದುಬಿಟ್ಟೆ. ಮರಳು ಅಂಗಾಲು ಸುಡ್ತು. ಚಪ್ಪಲಿ ನೀರಿನ ಹತ್ರವೇ ಬಿಟ್ಟಿದ್ದೆ. ವಾಪಸ್ ಹೋಗೋಕೆ ಮನಸ್ಸಾಗಲಿಲ್ಲ. ಸುಟ್ಟುಕೊಂಡೇ ನಡೆದೆ.

ಜನವರಿ 7, ಮಂಗಳವಾರ. ಸಂಜೆ

ಒಂದೆರಡು ಉಪಾಯ ಕಂಡುಕೊಂಡಿದ್ದೀನಿ. ಟೆಂಟಿನ ಬಾಗಿಲು ನದಿ ಕಡೆ ತಿರುಗಿಸಿದೆ, ಗೂಟವೆಲ್ಲ ಕಿತ್ತು, ಒಬ್ಬಳೇ. ಹಿಂದಿನ ಕಿಟಕಿನೂ ತೆಗೆದಿಟ್ರೆ ಗಾಳಿ ಈ ಕಡೆಯಿಂದ ಆ ಕಡೆಗೆ ಹಾದು ಹೋಗತ್ತೆ. ಒದ್ದೆ ಶೀಟನ್ನ ಬಾಗಿಲಿಗೆ ಅಡ್ಡ ಕಟ್ಟಿದ್ರೆ ಒಳಗೆ ಬರೋ ಗಾಳಿ ಸ್ವಲ್ಪ ತಣ್ಣಗಾಗತ್ತೆ. ಐಸನ್ನ ಪೇಪರಲ್ಲಿ ಸುತ್ತಿ ಡಬ್ಬದ ತಳಕ್ಕೆ ಇಟ್ರೆ ಬೇಗ ಕರಗಲ್ಲ.

ಕರಗಲ್ಲ, ಓರಗಿತ್ತಿ ಇಲ್ಲದಿದ್ರೆ. ಬೆಳಿಗ್ಗೆ ಎದ್ದು ಕ್ಯಾಂಪಿನ ಅಂಗಡಿ ತೊಮಾಸಾ ಹತ್ರ ಎರಡು ಚೀಲ ಐಸ್ ಹೊತ್ತು ತಂದಿದ್ದೆ. ಊಟದ ಹೊತ್ತಿಗೆ ಡಬ್ಬ ತೆಗೆದ್ರೆ ಬರೀ ನೀರು, ನೀರಲ್ಲಿ ತೇಲ್ತಿರೋ ನನ್ನ ಮಾಂಸ. ಐಸೆಲ್ಲ ಅಬೇಲ್ ಭಾವನ ಬಿಯರ್ ಬಕೆಟ್ಟಲ್ಲಿ.

"ಒಂದೇ ಮನೆಯವರಲ್ವಾ, ಇಷ್ಟಕ್ಕೆಲ್ಲ ಲೆಕ್ಕ ಇಡ್ತೀಯಾ?" ಅಂದ್ಲು ಝುಲೇಮಾ.

"ಒಂದೇ ಮನೆಯಾದ್ರೆ ನಿನ್ನ ಮರದ ಕೆಳಗೆ ಮಾವನ್ನ ಮಲಗಿಸ್ಕೋ."

"ಅವರೇ ಬರಲ್ಲ ಅಂತಾರೆ."

"ಕೇಳಿದೀಯಾ?"

ಕೇಳಿಲ್ಲ. ಉಗುರಿಗೆ ಬಣ್ಣ ಹಚ್ಕೋತಾ ಕೂತ್ಲು. ರಮೀರೋ ನನ್ನ ತೋಳು ಹಿಡಿದು ಪಕ್ಕಕ್ಕೆ ಕರ್ಕೊಂಡು ಹೋದ. "ಬಿಡೇ ನಿಲ್ದಾ. ಸೆಖೆಗೆ ಎಲ್ಲರಿಗೂ ತಲೆ ಕೆಟ್ಟಿದೆ." ಅವನ ತಲೆ ಕೆಟ್ಟಿರಲಿಲ್ಲ. ಗಾಳಕ್ಕೆ ದಾರ ಪೋಣಿಸ್ತಿದ್ದ.

ಮಾವ ಊಟ ಆದ ಮೇಲೆ ಟೆಂಟಿಗೆ ಹೋಗಿ ನಾನು ತೆಗೆದಿಟ್ಟ ಬಾಗಿಲು, ಕಿಟಕಿ ಎಲ್ಲ ಝಿಪ್ ಎಳೆದು ಮುಚ್ಕೋತಾರೆ. ಒಳಗೆ ಪ್ಯಾಂಟ್ ಬಿಚ್ಚಿ ಮಲಗ್ತಾರೆ.

"ಮಾವ, ಬೆಂದು ಹೋಗ್ತೀರಿ."

"ದಾರೀಲಿ ಹೋಗೋರೆಲ್ಲ ನನ್ನ ಕಾಲು ನೋಡ್ಬೇಕಾ?"

"ನಿಮ್ಮ ಕಾಲು ಯಾರಿಗೆ ಬೇಕಾಗಿದೆ?"

"ನಿನಗೆ ನಾಲಿಗೆ ಉದ್ದ ಇವಳೇ. ನೀರು ಕುಡಿ, ತಣ್ಣಗಾಗತ್ತೆ."

ಇಡೀ ದಿನ ತಾನು ನೀರು ಮುಟ್ಟಲ್ಲ. ಬರೀ ವೈನು.

ಜನವರಿ 8, ಬುಧವಾರ

ಎಲೆ ಅಲ್ಲಾಡ್ತಿಲ್ಲ. ಬರೆಯೋಕೂ ಆಗಲ್ಲ. ಕೈ ಕಾಗದಕ್ಕೆ ಅಂಟ್ಕೋತಿದೆ.

ಜನವರಿ 11, ಶನಿವಾರ. ಮಧ್ಯಾಹ್ನ

ಗುರುವಾರದ್ದು ಬರೆದಿಡ್ಬೇಕು. ಇಲ್ಲದಿದ್ರೆ ಝುಲೇಮಾ ಹೇಳಿದ್ದೇ ನಿಜ ಆಗಿಹೋಗತ್ತೆ.

ಮಧ್ಯಾಹ್ನ ಕೆಂಡದ ಮೇಲೆ ಪಕ್ಕೆಲುಬು ಸುಟ್ಟಿದ್ದಾಯ್ತು. ಆ ಬಿಸಿಲಲ್ಲಿ, ಆ ಕೆಂಡದ ಮುಂದೆ. ಮಾವ ಇಬ್ಬರ ಪಾಲು ತಿಂದು, ವೈನ್ ಕುಡಿದು, ಟೆಂಟಿಗೆ ಹೋದ್ರು. ಉಳಿದವರು ನದಿ ನಡುವಿನ ಮರಳು ದಿಬ್ಬಕ್ಕೆ ದೋಣೀಲಿ ಹೊರಟ್ರು, ಅಲ್ಲಿ ಗಾಳಿ ಇರತ್ತಂತೆ. ನಾನೂ ಟೋಪಿ ಹಾಕ್ಕೊಂಡು ನಿಂತಿದ್ದೆ.

"ದೋಣಿ ಭಾರ ಆಗತ್ತೆ ಕಣೇ," ಅಂದ್ಲು ಝುಲೇಮಾ. ಅವಳ ಪಕ್ಕ ಸೀಟಲ್ಲಿ ಐಸ್ ಡಬ್ಬ ಕೂತಿತ್ತು. ನನ್ನ ಡಬ್ಬ.

ರಮೀರೋ "ಬೇಗ ಬರ್ತೀವಿ" ಅಂದ. ಹೋದ್ರು.

ದಡದ ಪೊದೆ ಹತ್ರ ಕುತ್ತಿಗೆ ತನಕ ನೀರಲ್ಲಿ ಕೂತಿದ್ದೆ. ಎಷ್ಟು ಹೊತ್ತೋ. ಎಲ್ಲರನ್ನೂ ಒಬ್ಬೊಬ್ಬರಾಗಿ ಬೈದೆ, ಜೋರಾಗೇ. ಕೇಳೋರು ಯಾರಿದ್ರು. ಆಮೇಲೆ ಟವೆಲ್ ತಗೊಳ್ಳೋಣ ಅಂತ ಟೆಂಟಿನ ಹತ್ರ ಬಂದೆ. ಝಿಪ್ ಪೂರ್ತಿ ಮುಚ್ಚಿತ್ತು.

"ಮಾವ, ಟವೆಲ್ ಕೊಡಿ."

ಉತ್ತರ ಇಲ್ಲ. ಬೇಕಂತಲೇ ಸುಮ್ಮನಿದ್ದಾರೆ ಅಂದ್ಕೊಂಡೆ. ಟವೆಲ್ ಬೇಡ, ಏನೂ ಬೇಡ ಅಂತ ತಿರುಗಿ ನಾಲ್ಕು ಹೆಜ್ಜೆ ನಡೆದೂ ಬಿಟ್ಟಿದ್ದೆ. ಆಗ ಹೊಳೀತು — ಗೊರಕೆ ಇಲ್ಲ. ಈ ಮನುಷ್ಯ ಮಲಗಿದ್ರೆ ಆಚೆ ದಡಕ್ಕೆ ಕೇಳಬೇಕು.

ಝಿಪ್ ಎಳೆದೆ. ಒಲೆ ಬಾಗಿಲು ತೆಗೆದ ಹಾಗೆ ಝಳ ಮುಖಕ್ಕೆ ಹೊಡೀತು. ಮುದುಕ ಮಗ್ಗುಲಾಗಿ ಬಿದ್ದಿದ್ರು. ಮುಖ ಬೀಟ್‌ರೂಟ್. ಮುಟ್ಟಿದ್ರೆ ಬೆವರೇ ಇಲ್ಲ, ಒಣ, ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗೆ. ಕಣ್ಣು ಅರ್ಧ ತೆರೆದಿತ್ತು, ನನ್ನ ನೋಡ್ತಿರಲಿಲ್ಲ. ಹಳೇ ರೈಲ್ವೆ ನೌಕರಿ ಗುಂಗಲ್ಲಿ ಯಾರಿಗೋ ಗೇಟ್ ಹಾಕು, ರೈಲು ಬಂತು, ಗೇಟ್ ಹಾಕು ಅಂತ ಗೊಣಗ್ತಿದ್ರು.

ಹಾಸಿಗೆ ಸಮೇತ ಎಳೆದೆ. ಎಷ್ಟು ಭಾರ ದೇವರೇ. ಹೊರಗೆ ಬಂದ್ರೆ ನೆತ್ತಿ ಮೇಲೆ ಬಿಸಿಲು. ಝುಲೇಮಾಳ ಮರದ ತನಕ ಎಳೆಯೋ ಶಕ್ತಿ ಇರಲಿಲ್ಲ. ಕಾರಿಂದ ಆ ಬಲೆ ಹರಿದುಕೊಂಡು ಬಂದು ಟೆಂಟಿಗೂ ಮೇಜಿಗೂ ಅಡ್ಡ ಕಟ್ಟಿ ಕೆಳಗೆ ಮಲಗಿಸಿದೆ. "ತೊಮಾಸಾ!" ಅಂತ ಕಿರುಚಿದೆ. ಗಂಟಲು ಇನ್ನೂ ಸರಿಹೋಗಿಲ್ಲ.

ತೊಮಾಸಾ ಐಸ್ ಚೀಲ ಹೆಗಲಿಗೆ ಹಾಕ್ಕೊಂಡು ಓಡಿ ಬಂದ್ಲು. ನಾನು ಬಾಯಿಗೆ ನೀರು ಹುಯ್ಯೋಕೆ ಹೋಗಿದ್ದೆ, ಕೈ ಹಿಡಿದ್ಲು. "ಬಾಯಿಗೆ ಬೇಡ, ಉಸಿರು ಕಟ್ಟತ್ತೆ. ಮೈಗೆ ಹುಯ್ಯಿ." ಅಂಗಿ ಬಿಚ್ಚೋಕೆ ಆಗಲಿಲ್ಲ, ಮಾಂಸದ ಚಾಕೂಲಿ ಸೀಳಿದೆ. ಕಂಕುಳಿಗೆ ಐಸ್, ಕುತ್ತಿಗೆಗೆ ಐಸ್, ತೊಡೆ ಸಂದಿಗೂ. ನಾಚಿಕೆ ಮಾಡ್ಕೊಳ್ಳೋಕೆ ಹೊತ್ತಿರಲಿಲ್ಲ. ಅವಳು ಬಕೆಟ್ ಬಕೆಟ್ ನೀರು ಹುಯ್ದ್ಲು, ನಾನು ರಟ್ಟು ಹಿಡಿದು ಬೀಸಿದೆ, ಬೀಸಿದೆ. "ಸಾಯ್ಬೇಡ ಮುದುಕ, ನನ್ನ ತಲೆಗೆ ಕಟ್ಟಿಬಿಡ್ತಾರೆ" — ನಾನು ಇದನ್ನೇ ಹೇಳ್ತಿದ್ದೆನಂತೆ. ತೊಮಾಸಾ ಆಮೇಲೆ ಹೇಳಿದ್ದು.

ಕೊನೆಗೆ ಕಣ್ಣು ನನ್ನ ಮೇಲೆ ಬಂತು. ನಿಂತಿತು.

"ನನ್ನ ಪ್ಯಾಂಟ್ ಎಲ್ಲಿ?"

ತೊಮಾಸಾಳ ಗಂಡ ಪಿಕಪ್‌ನಲ್ಲಿ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋದ. ಹಿಂದೆ ಕೂತು ದಾರಿಯುದ್ದಕ್ಕೂ ನೀರು ಚಿಮುಕಿಸ್ತಾ ಹೋದೆ. ಡ್ರಿಪ್ ಹಾಕಿ ಅಲ್ಲೇ ಇಟ್ಕೊಂಡ್ರು.

ಇವರು ಬಂದಿದ್ದು ಸಂಜೆ. ಕೈಯಲ್ಲಿ ಮೀನು. ಆಸ್ಪತ್ರೆ ಬಾಗಿಲಲ್ಲೇ ಝುಲೇಮಾ ಎಲ್ಲರಿಗೂ ಕೇಳೋ ಹಾಗೆ:

"ಮುದುಕರನ್ನ ಟೆಂಟಲ್ಲಿ ಹಾಕಿ ಝಿಪ್ ಎಳೆದು ನೀನು ನೀರಿಗೆ ಇಳಿದಿದ್ದೆಯಾ?"

"ಝಿಪ್ ಅವರೇ ಹಾಕ್ಕೊಂಡಿದ್ದು."

"ನೀನು ಅಲ್ಲೇ ಇದ್ದೆಯಲ್ಲ. ನೋಡ್ಕೋಬಾರ್ದಾ?"

ರಮೀರೋ ಕಡೆ ನೋಡಿದೆ. ಒಂದು ಮಾತು. ನನ್ನ ಪರವಾಗಿ ಒಂದೇ ಮಾತು ಸಾಕಿತ್ತು. ಅವನು ಮೀನಿನ ದಾರ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

ಜನವರಿ 12, ಭಾನುವಾರ

ಮಾವನ್ನ ವಾಪಸ್ ತಂದ್ರು. ಡಾಕ್ಟರು ಟೆಂಟ್ ಬೇಡವೇ ಬೇಡ, ಮನೆ, ಫ್ಯಾನು, ಯಾರಾದ್ರೂ ಪಕ್ಕದಲ್ಲಿ ಇರ್ಬೇಕು, ಕಾರು ಓಡಿಸೋ ಹಾಗಿಲ್ಲ ಅಂದಿದ್ದಾರೆ. ಅಬೇಲ್ ಕಾರಿನ ಕೀ ಕಿತ್ಕೊಂಡ. ಈಗ ಮುದುಕರಿಗೂ ಮರದ ಕೆಳಗೆ ಮಂಚ ಸಿಕ್ಕಿದೆ. ಆಚೀಚೆ ಟೆಂಟಿನವರು ನೋಡೋಕೆ ಬರ್ತಾರಲ್ಲ, ಝುಲೇಮಾ ಒದ್ದೆ ಬಟ್ಟೆ ಹಿಡ್ಕೊಂಡು ಹಣೆ ಒರೆಸ್ತಾಳೆ. ಅವರು ಹೋದ ಮೇಲೆ ಬಟ್ಟೆನೂ ಹೋಗತ್ತೆ.

ನಾನು ಗಂಜಿ ಕೊಡೋಕೆ ಹೋದಾಗ:

"ನನ್ನ ಅಂಗಿ ಸೀಳಿದ್ದು ನೀನೇನಾ ಇವಳೇ?"

"ಹೌದು."

"ಒಳ್ಳೇ ಅಂಗಿ ಅದು."

"ಒಳಗಿದ್ದದ್ದು ಅಷ್ಟು ಒಳ್ಳೇದಿರಲಿಲ್ಲ. ಆದ್ರೂ ಅದನ್ನೇ ಉಳಿಸಿದೆ."

ಗಂಜಿ ತಟ್ಟೆ ಕಿತ್ಕೊಂಡ್ರು. ತಿಂದ್ರು.

ಸಂಜೆ ಅಣ್ಣತಮ್ಮಂದಿರ ಮಾತು. ಮಂಚದಿಂದ ನಾಲ್ಕು ಮಾರು ದೂರ, ಅಷ್ಟೇ. ಅಪ್ಪ ಕಣ್ಣು ಮುಚ್ಕೊಂಡಿದ್ರೆ ಕಿವಿನೂ ಮುಚ್ಚಿರತ್ತೆ ಅಂತ ಇವರ ಲೆಕ್ಕ.

"ನಾವು ತಿಂಗಳ ಕೊನೆವರೆಗೆ ಜಾಗ ಹಿಡಿದಿದ್ದೀವಪ್ಪ," ಅಂದ ಅಬೇಲ್.

"ನಂದು ಮೀನು ಹಿಡಿಯೋ ಪಂದ್ಯ ಇದೆಯಲ್ಲ," ಅಂದ ರಮೀರೋ.

"ವರ್ಷಕ್ಕೊಂದು ರಜೆ, ಅದೂ ಈ ಅಪ್ಪನ ಹಿಂದೇನೇ ಹೋಯ್ತು."

"ನಿಲ್ದಾ ಕರ್ಕೊಂಡು ಹೋಗ್ತಾಳೆ ಬಿಡು. ಮನೇಲಿ ನೋಡ್ಕೋತಾಳೆ." ಇದು ರಮೀರೋ.

"ನಿಲ್ದಾನ ಕೇಳಿದ್ರಾ?" ಅಂದೆ.

ಇಬ್ಬರೂ ತಿರುಗಿ ನೋಡಿದ್ರು. ಕುರ್ಚಿ ಮಾತಾಡಿದ ಹಾಗೆ.

"ಇದರಲ್ಲಿ ಕೇಳೋದೇನಿದೆ?" ಅಂದ ರಮೀರೋ. "ಹೆಂಗಸು ನೀನು. ಇದೆಲ್ಲ ನಿನಗೆ ಅಭ್ಯಾಸ."

"ನಿನ್ನ ಅಪ್ಪ. ನಿನಗೆ ಅಭ್ಯಾಸ ಆಗ್ಲಿ."

ಗಲಾಟೆ ಆಯ್ತು. ಪಕ್ಕದ ಟೆಂಟಿನವರು ರೇಡಿಯೋ ಸಣ್ಣ ಮಾಡಿ ಕೇಳಿದ್ರು. ಕಲ್ಲು ಹೃದಯ ಅಂದ, ಮೊದಲಿಂದಲೂ ನಮ್ಮವರನ್ನ ಕಂಡ್ರೆ ಆಗಲ್ಲ ನಿನಗೆ ಅಂದ. ಆಗಲ್ಲ ಅಂದೆ. ಮಂಚದ ಮೇಲೆ ಮುದುಕರ ಕಣ್ಣು ಮುಚ್ಚಿತ್ತು. ಹೆಬ್ಬೆರಳು ಮಾತ್ರ ಅಲ್ಲಾಡ್ತಿತ್ತು.

ನಾಳೆ ಮೆರ್ಸಿದೆಸ್‌ಗೆ, ಆ ಊರಲ್ಲಿರೋ ಅಕ್ಕನ ಮನೆಗೆ. ಒಬ್ಬಳೇ. ಯಾರಿಗೂ ಹೇಳಲ್ಲ.

ಜನವರಿ 13, ಸೋಮವಾರ. ಬಸ್ ಸ್ಟಾಪ್

ಎಲ್ಲ ಮಲಗಿರೋವಾಗ ಹೊರಟೆ. ಒಂದು ಚೀಲ ಸಾಕು. ಟೆಂಟು ಬೇಕಾದ್ರೆ ಅವನೇ ಬಿಚ್ಚಲಿ.

ಬಂದು ನೋಡಿದ್ರೆ ಬೆಂಚಿನ ಆ ತುದೀಲಿ ಡಾನ್ ಎವಾರಿಸ್ಟೋ. ಅಬೇಲ್‌ನ ಹೂವಿನ ಅಂಗಿ, ಟೋಪಿ, ಕೈಲಿ ಏನೂ ಇಲ್ಲ. ಕ್ಯಾಂಪಿಂದ ಇಲ್ಲಿ ತನಕ ಹೇಗೆ ನಡೆದ್ರೋ.

"ಹಿಂಬಾಲಿಸ್ಕೊಂಡು ಬಂದ್ಯಾ?"

"ನಾನ್ಯಾಕೆ ಬರ್ಲಿ. ಅಕ್ಕನ ಮನೆಗೆ ಹೊರಟಿದ್ದೀನಿ."

"ನಾನು ನನ್ನ ಮನೆಗೆ. ಯಾರೂ ನೋಡ್ಕೋಬೇಕಾಗಿಲ್ಲ."

"ನೋಡ್ಕೋತೀನಿ ಅಂತ ಯಾರು ಹೇಳಿದ್ರು?"

ಈ ತುದೀಲಿ ನಾನು, ಆ ತುದೀಲಿ ಅವರು. ಬಸ್ಸಿಲ್ಲ. ಬರೀತಿದ್ದೀನಿ, ಮುಖ ನೋಡೋ ಕರ್ಮ ತಪ್ಪಲಿ ಅಂತ.

ಬಿಸಿಲು ಏರ್ತಿದೆ. ಸ್ಟಾಪಿನ ತಗಡು ಅರ್ಧ ಹಾರಿಹೋಗಿದೆ, ನೆರಳು ಅವರ ಕಡೆಗೇ ಸರೀತಿದೆ. ಮೊದಲು ನನ್ನ ಭುಜ ಸುಡ್ತು. ಆಮೇಲೆ ಮೊಣಕಾಲು. ಸ್ವಲ್ಪ ಸರಿದೆ. ಮತ್ತೆ ಬಿಸಿಲು ಬಂತು. ಮತ್ತೆ ಸರಿಯಲಿಲ್ಲ. ಉರಿದ್ರೂ ಸರಿ.

ಮುದುಕ ರಸ್ತೆ ಕಡೆ ನೋಡ್ತಾನೇ:

"ಈಚೆ ಬಾ. ನೀನು ಬಿದ್ರೆ ಎತ್ತೋ ಶಕ್ತಿ ನನಗಿಲ್ಲ."

ಹೋದೆ. ತೋಳಿಗೆ ತೋಳು ತಾಗೋಷ್ಟೇ ನೆರಳು ಉಳಿದಿದೆ. ಔಷಧಿ ವಾಸನೆ, ಬೆವರ ವಾಸನೆ. ಬೆವರ್ತಿದ್ದಾರೆ, ಒಳ್ಳೇದು.

"ಮಕ್ಕಳ ಮಾತು ಕೇಳಿದ್ರಾ ನಿನ್ನೆ?" ಅಂದೆ.

"ನಿನ್ನ ಮಾತೂ ಕೇಳಿದೆ."

"ಹೇಳಿದ್ದು ನಿಜಾನೇ. ನಿಮ್ಮನ್ನ ಕಂಡ್ರೆ ನನಗಾಗಲ್ಲ."

"ನನಗೂ ನಿನ್ನ ಕಂಡ್ರೆ ಆಗಲ್ಲ. ಅವರು ನನ್ನ ಮುಂದೆ ಇಷ್ಟು ನೇರವಾಗಿ ಹೇಳಲ್ಲ."

ದೂರದಲ್ಲಿ ಧೂಳು. ಬಸ್ಸೇ. ಕ್ಯಾಂಪ್ ಕಡೆಯಿಂದ ಯಾರೋ ಕೂಗ್ತಾ ಓಡಿ ಬರ್ತಿದ್ದಾರೆ — ರಮೀರೋ. ಬರಿಗಾಲು. ಅಪ್ಪಾ ಅಂತಿದ್ದಾನೋ ನಿಲ್ದಾ ಅಂತಿದ್ದಾನೋ ಇಲ್ಲಿಗೆ ಕೇಳ್ತಿಲ್ಲ. ಮುದುಕ ಎದ್ದು ಬಿಸಿಲಿಗೆ ಇಳಿದ್ರು. ತಿರುಗಿ ನೋಡಲಿಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿದ್ರು. ಇನ್ನೊಂದು ಕೈಲಿ ನನ್ನ ಚೀಲ, ಯಾವಾಗ ಎತ್ಕೊಂಡ್ರೋ —

"ಬರೆದಿದ್ದು ಸಾಕು ಇವಳೇ, ಏಳು, ಬಸ್ಸು—"