ಮೇಲ್ಹೊಲಕ್ಕೆ ಬಿದ್ದ ರಕ್ತ

ಗೌಂಡಿ ಓಣಿ, ಹುಬ್ಬಳ್ಳಿ
ನೆರಳು ತಿಂಗಳ ಎರಡನೆಯ ವಾರ, ತಾರಸಿ ಶಕೆ ನಲವತ್ತೊಂದು
(ನಿಮ್ಮ ಎಣಿಕೆಯಲ್ಲಿ 2168)

ತಾರಸಿಯ ಮೇಲೆ ಮೊದಲ ಕುಂಡ ಇಟ್ಟ ಹಿರಿಯರಿಗೆ,

ಕಲ್ಲವ್ವ ಗೌಂಡಿಯ ಶರಣು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ನೀವು ಆಡುತ್ತಿದ್ದ ಎಷ್ಟೋ ಪದಗಳು ನಮ್ಮವರೆಗೆ ಬರುವಷ್ಟರಲ್ಲಿ ಸವೆದುಹೋದವು. ನಿಮಗೆ ಬೇಕಾಗದಿದ್ದ ಕೆಲವನ್ನು ನಾವು ಕಟ್ಟಿಕೊಳ್ಳಬೇಕಾಯಿತು. ನೀವು ತಾರಸಿ ತೋಟ ಎಂದದ್ದನ್ನು ನಾವು ಮೇಲ್ಹೊಲ ಎನ್ನುತ್ತೇವೆ, ಏಕೆಂದರೆ ನಮಗೆ ಬೇರೆ ಹೊಲವಿಲ್ಲ. ಹೊತ್ತೇರಿದ ಮೇಲೆ ಸಂಜೆಯವರೆಗೆ ಬಯಲಲ್ಲಿ ಬರಿತಲೆಯಲ್ಲಿ ನಿಂತವರು ಬದುಕುವುದಿಲ್ಲ. ಆ ಹೊತ್ತಿಗೆ ಬೆಂಕಿಹಗಲು ಎಂದು ಹೆಸರು. ಬಿತ್ತನೆಗೆ ಮುಂಚೆ ಓಣಿಯ ಒಬ್ಬರು ನಿಮ್ಮಂಥ ಹಿರಿಯರಿಗೆ ಕಾಗದ ಬರೆದು ಗೊಬ್ಬರದ ಗುಂಡಿಯಲ್ಲಿ ಹೂಳುವುದು ನಮ್ಮ ರೂಢಿ. ಈ ಸಲ ಸರದಿ ನನ್ನದು. ಬೇರೆಯವರು ಸಾಮಾನ್ಯವಾಗಿ ಕೃತಜ್ಞತೆ ಬರೆಯುತ್ತಾರೆ. ನಾನು ನಡೆದದ್ದನ್ನು ಬರೆಯುತ್ತೇನೆ.

ಮನೆಯಿಂದ ಮನೆಗೆ ಹಲಗೆ ಹಾಸಿ ಇಡೀ ಓಣಿಯ ತಾರಸಿಗಳನ್ನು ಒಂದು ಮಾಡಿದ್ದೇವೆ. ಮೇಲೆ ಹಳೆಯ ಸೀರೆಗಳನ್ನು ಎರಡು ಪದರವಾಗಿ ಹೊಲಿದು ಕಟ್ಟಿದ ನೆರಳು. ಅದು ಹರಿದರೆ ಒಂದೇ ಬೆಂಕಿಹಗಲಿಗೆ ಬೆಳೆಯೆಲ್ಲ ಸುಟ್ಟುಹೋಗುತ್ತದೆ. ಬಿಸಿ ತಡೆಯಲು ಗೋಡೆ, ಕಟ್ಟೆಗಳಿಗೆ ಸುಣ್ಣ ಬಳಿಯುತ್ತೇವೆ, ಹಾಗಾಗಿ ಪ್ರತಿ ಮನೆಯ ಮೇಲೂ ಸುಟ್ಟ ಸುಣ್ಣದ ಹರಳು ತುಂಬಿದ ಡಬ್ಬ ಇರುತ್ತದೆ. ಪಾತ್ರೆ ತೊಳೆದ ನೀರು ಮರಳಿನಲ್ಲಿ ಸೋಸಿ ಪುಂಡಿಪಲ್ಲೆಯ ಹುಳಿಸೊಪ್ಪಿಗೆ ಹೋಗುತ್ತದೆ, ಮುಖ ತೊಳೆದದ್ದು ಬದನೆಗೆ. ಹೀರೇಬಳ್ಳಿಗೆ ಮುರಿದ ಮಂಚವೇ ಚಪ್ಪರ. ಬೆಳೆದದ್ದೆಲ್ಲ ಒಂದೇ ಒಲೆಗೆ ಬರುತ್ತದೆ, ಸಂಜೆ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ, ಅದು ಹಂಚೂಟ. ನಮ್ಮ ಓಣಿಯಲ್ಲಿ ಇದನ್ನೆಲ್ಲ ಶುರು ಮಾಡಿದವಳು ಜೈನಾಬಿ. ಊರಿಗೆ ಕಾಯಿಪಲ್ಲೆಯ ಲಾರಿ ಬರುವುದು ನಿಂತ ವರ್ಷ, ಒಡೆದ ಸಿಮೆಂಟಿನ ತೊಟ್ಟಿಯಲ್ಲಿ ಆಕೆ ಪುಂಡಿ ಬಿತ್ತಿದಳು. ನಮ್ಮ ಶಕೆ ಅಂದಿನಿಂದ ಶುರು.

ಮೇಲ್ಹೊಲದ ಮಣ್ಣು ಹೊತ್ತು ತಂದವರು ನಾವಲ್ಲ. ಓಣಿಯ ಹಿಂದೆ ಗಿರಣಿ ಚಾಳ ಇದೆ, ಸಾಲುಮನೆಗಳು. ಅಲ್ಲಿನ ಯಮನಪ್ಪ ಮತ್ತು ಅವನ ಜೊತೆಯವರು ಒಣಗಿದ ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತು ನಮ್ಮ ಮೆಟ್ಟಿಲು ಹತ್ತಿದರು. ಕೂಲಿಯೆಂದು ಪಲ್ಲೆ ಕೊಟ್ಟೆವು. ತಾರಸಿಗಳು ತುಂಬಿದವು, ಮಣ್ಣು ಸಾಕಾಯಿತು, ಪಲ್ಲೆಯೂ ನಿಂತಿತು. ಶಕೆಯ ಒಂಬತ್ತನೆಯ ವರ್ಷ ಊರಿನಲ್ಲಿ ಕಾಳು ಮುಗಿದಾಗ ಚಾಳದ ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಮ್ಮ ಹೊಸ್ತಿಲಲ್ಲಿ ನಿಲ್ಲತೊಡಗಿದರು.

"ಇವತ್ತ ಎಲಿ ಕೊಟ್ರ ನಾಳೆ ಬೇರನ್ನ ಕೇಳ್ತಾರ. ಓಣಿ ಬಾಯಿಗೆ ಗೇಟ್ ಹಾಕ್ರಿ" ಎಂದಳು ಜೈನಾಬಿ. ಯಾರೂ ಎದುರಾಡಲಿಲ್ಲ. ಗೇಟು ಬೆಸೆದವನು ನನ್ನ ಗಂಡ ಸಿದ್ರಾಮ.

ಮರುದಿನ ಯಮನಪ್ಪ ಬಂದು ಸರಳು ಹಿಡಿದುಕೊಂಡು ನಿಂತ. "ಮಣ್ಣ ಹೊತ್ತಾವ್ರು ನಾವು, ಪಲ್ಲೆ ತಿನ್ನಾವ್ರು ನೀವು. ಇದ್ಯಾವ ನ್ಯಾಯಪಾ ಸಿದ್ರಾಮ?"

"ಹೊತ್ತಿದ್ದಕ್ಕ ಕೊಟ್ಟೇವಿ. ಕೈ ತಗೀ."

ಅವನು ಕೈ ತೆಗೆಯಲಿಲ್ಲ. ಸಿದ್ರಾಮ ಕಬ್ಬಿಣದ ಹಾರೆಯಿಂದ ಸರಳಿನ ಮೇಲಿದ್ದ ಬೆರಳುಗಳಿಗೆ ಹೊಡೆದ. ಮೂಳೆ ಮುರಿದ ಸದ್ದು ನಾನು ಮೇಲಿನಿಂದ ಕೇಳಿದೆ. ಯಮನಪ್ಪ ಜೋತುಬಿದ್ದ ಬೆರಳುಗಳನ್ನು ಮತ್ತೊಂದು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದ.

ಆಮೇಲೊಂದು ದಿನ ಚಾಳದ ಗಂಡಸರು ಬೆಂಕಿಹಗಲಿನಲ್ಲೇ ಬಂದರು. ಆ ಹೊತ್ತಿಗೆ ಯಾರೂ ಬಯಲಿಗಿಳಿಯುವುದಿಲ್ಲವೆಂದು ನಾವು ಕಾವಲನ್ನೂ ಇಟ್ಟಿರಲಿಲ್ಲ. ತಲೆಗೆ ಒದ್ದೆ ಗೋಣಿ ಸುತ್ತಿಕೊಂಡು, ಹಿತ್ತಿಲ ಕಡೆಯಿಂದ ಬಿದಿರೇಣಿ ಹಚ್ಚಿ ಹತ್ತಿದರು. ಮೊದಲು ನೆರಳಿನ ಹಗ್ಗಗಳನ್ನು ಕೊಯ್ದರು. ಸೀರೆಗಳು ಕುಸಿದು ಬಿಸಿಲು ಮೇಲ್ಹೊಲಕ್ಕೆ ಅಪ್ಪಳಿಸಿತು. ನಾವು ಕುಡುಗೋಲು ಹಿಡಿದು ಮೇಲೆ ಓಡಿದೆವು, ಅವರ ಬಳಿ ಗುದ್ದಲಿಗಳಿದ್ದವು. ಒಂದೇ ನಲ್ಲಿಯಲ್ಲಿ ನೀರು ಹಿಡಿದವರು ಬದನೆಗಿಡಗಳ ನಡುವೆ ಒಬ್ಬರನ್ನೊಬ್ಬರು ಕಡಿದರು. ಸಿದ್ರಾಮ ಬೀಜದ ಚೀಲವನ್ನು ತಬ್ಬಿಕೊಂಡಿದ್ದ. ಯಮನಪ್ಪ ಎಡಗೈಯಿಂದಲೇ ಗುದ್ದಲಿ ಬೀಸಿದ. ಏಟು ಕುತ್ತಿಗೆಗೆ ಬಿತ್ತು. ನನ್ನ ಗಂಡ ಮೆಂತೆಯ ಮಡಿಯಲ್ಲಿ ಮುಖ ಕೆಳಗಾಗಿ ಬಿದ್ದ, ಮಣ್ಣು ರಕ್ತವನ್ನು ನೀರು ಕುಡಿದ ಹಾಗೆ ಕುಡಿಯಿತು.

ನಾನು ಸುಣ್ಣದ ಡಬ್ಬಕ್ಕೆ ನೀರು ಸುರಿದೆ. ಹರಳು ಕುದಿದು ಉಕ್ಕತೊಡಗಿದಾಗ ಮಗ್ಗಿನಲ್ಲಿ ಮೊಗೆದು ಯಮನಪ್ಪನ ಮುಖಕ್ಕೆ ಎರಚಿದೆ. ಇನ್ನೊಬ್ಬನಿಗೆ ಎರಚಿದೆ. ಮೂರನೆಯವನಿಗೂ ಎರಚಿದೆ, ಅವನು ಕಣ್ಣು ಕಾಣದೆ ಹಿಂದೆ ಸರಿಯುತ್ತ ಹಲಗೆ ತಪ್ಪಿ ಓಣಿಗೆ ಬಿದ್ದು ತಲೆ ಒಡೆದು ಸತ್ತ. ನನ್ನ ಕೈಯ ಚರ್ಮವೂ ಸುಲಿಯುತ್ತಿತ್ತು; ನನಗೆ ತಿಳಿಯಲಿಲ್ಲ. ಉಳಿದವರು ಸಿಕ್ಕಿದ್ದನ್ನು ಕಿತ್ತುಕೊಂಡು, ಬೀಜದ ಚೀಲವನ್ನೂ ಎಳೆದುಕೊಂಡು ಇಳಿದು ಓಡಿದರು.

ಯಮನಪ್ಪ ಸಿಕ್ಕಿಬಿದ್ದ. ಅವನನ್ನು ಕೆಳಗೆಳೆದು, ಬೆರಳು ಮುರಿಸಿಕೊಂಡ ಆ ಗೇಟಿಗೇ ಒಳಗಿನಿಂದ ಕಟ್ಟಿದರು. ಬಿಸಿಲೇ ಕೊಲ್ಲಲಿ ಎಂಬುದು ಎಲ್ಲರ ಮಾತು. ಆದರೆ ನನ್ನ ಅತ್ತೆ ಹೊನ್ನವ್ವ ಕುಡುಗೋಲನ್ನು ನನ್ನ ಕೈಗಿಟ್ಟು, "ನಿನ್ನ ಗಂಡನ ಋಣ ತೀರಿಸು" ಎಂದಳು. ನಾನು ತಲೆಗೆ ಗೋಣಿ ಹೊದ್ದು ಹೋದೆ. ಕೊಲ್ಲಬೇಕೆಂದೇ ಹೋದೆ.

ಅವನ ಕಣ್ಣುಗಳು ಬೆಳ್ಳಗೆ ಬೆಂದಿದ್ದವು. ನನ್ನ ಹೆಜ್ಜೆ ಕೇಳಿ ಗದ್ದ ಮೇಲೆತ್ತಿದ. "ಹೊಡಿ ಬೇ. ಒಣಗಿಸಿ ಕೊಲ್ಲಬ್ಯಾಡ."

ಕುಡುಗೋಲನ್ನು ಅವನ ಗಂಟಲಿಗೆ ಇಟ್ಟಾಗ ಗೇಟಿನಾಚೆ ಕಲ್ಲಿನ ಸದ್ದು ಕೇಳಿತು. ಅವನ ಹೆಂಡತಿ ಹುಲಿಗೆವ್ವ ಒಬ್ಬಳೇ ಬಂದು ಕಲ್ಲಿನಿಂದ ಬೀಗ ಕುಟ್ಟುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಪಾದಕ್ಕೆ ಬೊಬ್ಬೆಗಳು ಎದ್ದಿದ್ದವು. ನನ್ನನ್ನು ಕಂಡು ಕುಟ್ಟುವುದನ್ನು ನಿಲ್ಲಿಸಿದಳು. ಅಳಲಿಲ್ಲ, ಕೈಯೂ ಮುಗಿಯಲಿಲ್ಲ.

"ನಿನ್ನ ಗಂಡ ಸತ್ತಾನ, ಗೊತ್ತೈತಿ. ಇಂವನ್ನ ಕೊಂದ್ರ ನಾಳೆ ನಮ್ಮ ಚಾಳನ್ಯಾಗ ಉಳದ ಗಂಡಸರು ಬರ್ತಾರ. ಅವರೂ ಸತ್ರ ನಾವ್ ಹೆಂಗಸರು ಬರ್ತೀವಿ. ಹಸದಾವ್ರು ಬರೂದು ಬಿಡಂಗಿಲ್ಲ. ಸುಣ್ಣ ಎಷ್ಟೈತಿ ನಿಮ್ಮಲ್ಲಿ?"

ನನ್ನಲ್ಲಿ ಕರುಣೆ ಇರಲಿಲ್ಲ. ಮೇಲೆ ನೋಡಿದೆ: ನೆರಳಿಲ್ಲದ ಮೇಲ್ಹೊಲದಿಂದ ಬೆಂದ ಸೊಪ್ಪಿನ ವಾಸನೆ ಬರುತ್ತಿತ್ತು. ಕಾಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಅವನನ್ನು ಕಟ್ಟಿದ್ದ ಹಗ್ಗ ಕೊಯ್ದೆ. ಜೈನಾಬಿ ಬೀಗದ ಕೈ ಹಿಡಿದುಕೊಂಡು ನೆರಳಿನಿಂದ ಹೊರಗೆ ಬಂದಳು. ಗೇಟು ಹಾಕಿಸಿದ ಅವಳೇ ಅದನ್ನು ತೆರೆದಳು. ಹುಲಿಗೆವ್ವ ಗಂಡನನ್ನು ಬೆನ್ನ ಮೇಲೆ ಹೊತ್ತುಕೊಂಡು ನಡೆದಳು. ಹೊನ್ನವ್ವ ಎಲ್ಲರೆದುರು ನನ್ನ ಮುಖಕ್ಕೆ ಉಗುಳಿದಳು.

ಹೆಣಗಳನ್ನು ಮಣ್ಣು ಮಾಡಿದ ಮೇಲೆ ಬರಿಹಸಿವಿನ ದಿನಗಳು ಬಂದವು. ಎರಡೂ ಕಡೆ ಮಕ್ಕಳೇ ಮೊದಲು ಸತ್ತರು. ಒಂದು ಮುಂಜಾನೆ ಹುಲಿಗೆವ್ವ ಬಂದು ಬೀಜದ ಚೀಲವನ್ನು ನನ್ನ ಮುಂದೆ ಇಳಿಸಿದಳು. ಚೀಲಕ್ಕೆ ಸಿದ್ರಾಮನ ರಕ್ತ ಒಣಗಿ ಅಂಟಿತ್ತು. ಚಾಳದಲ್ಲಿ ಅದನ್ನು ಹುರಿದು ತಿನ್ನಲು ಹೊರಟವರನ್ನು ಅವಳು ಒನಕೆ ಹಿಡಿದು ತಡೆದಿದ್ದಳಂತೆ. "ಅರ್ಧ ನಿಮ್ಮ ಮಾಳಗಿ ಮ್ಯಾಲ, ಅರ್ಧ ನಮ್ಮ ಮಾಳಗಿ ಮ್ಯಾಲ. ಬೆಳಸೂದು ಕಲಿಸ್ರಿ. ಒಲ್ಲೆ ಅಂದ್ರ ಇಲ್ಲೇ ಸುಟ್ಟಬಿಡ್ತೀನಿ" ಎಂದಳು. ಮಣ್ಣು ಹೊರಲು ಈ ಸಲ ನಮ್ಮ ಓಣಿಯ ಗಂಡಸರು ಹೋದರು, ನಾನೂ ಹೋದೆ.

ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ಈಗ ಚಾಳದವರೂ ಕೂರುವ ಹಂಚೂಟದ ಪಂಕ್ತಿಯಲ್ಲಿ ಇಂದಿಗೂ ಕೆಲವರು ಕೆಲವರ ಪಕ್ಕ ಕೂರುವುದಿಲ್ಲ. ಚಾಳದ ಮೇಲೆ ಬೆಳೆದ ಒಂದು ಎಲೆಯನ್ನೂ ಹೊನ್ನವ್ವ ಮುಟ್ಟಲಿಲ್ಲ. "ಅದ್ರಾಗ ನನ್ನ ಮಗನ ರಗತ ಐತಿ" ಎಂದಳು, ನಮ್ಮ ಮಡಿಗಳಲ್ಲಿ ಬೆಳೆ ಕಡಿಮೆಯಾದ ವರ್ಷ ಉಪವಾಸ ಬಿದ್ದೇ ಸತ್ತಳು. ಅವಳದು ತಪ್ಪು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಯಮನಪ್ಪ ಬದುಕಿದ, ಕುರುಡನಾಗಿ. ಸುಣ್ಣ ಎರಚಿದವಳು ನಾನೆಂದು ಅವನಿಗೆ ಗೊತ್ತು, ಗುದ್ದಲಿ ಬೀಸಿದವನು ಅವನೆಂದು ನನಗೆ ಗೊತ್ತು. ಕಳೆ ಕೀಳುವಾಗ ಒಂದೇ ಮಡಿಯ ಎರಡು ತುದಿಯಲ್ಲಿ ಕೂರುತ್ತೇವೆ. ಮಾತಾಡುವುದಿಲ್ಲ.

ಹಿರಿಯರೇ, ನೀವು ಈಗಷ್ಟೇ ಬಣ್ಣದ ಡಬ್ಬಿಯಲ್ಲಿ ಕರಿಬೇವು ನೆಟ್ಟಿರಬಹುದು. ನಾಲ್ಕು ಮನೆಯವರು ಸೇರಿ ಸೊಪ್ಪು ಹಂಚಿಕೊಳ್ಳುತ್ತ, ಇದು ನಮ್ಮ ಗುಂಪು ಎಂದು ಸಂತೋಷಪಡುತ್ತಿರಬಹುದು. ನನ್ನದೊಂದೇ ಬೇಡಿಕೆ. ನಿಮ್ಮ ಮಾಳಿಗೆಗೆ ಮಣ್ಣು ಹೊತ್ತು ತಂದವನ ಮನೆಗೆ ಹೋಗಿ, ಅವನ ಸೂರಿನ ಮೇಲೆ ಒಂದು ಕುಂಡ ಇಟ್ಟು ಬನ್ನಿ. ಅದು ಆಗದು, ನಮಗೆ ಗೇಟೇ ಸಾಕು ಎಂದು ನಿಮಗೆ ಅನ್ನಿಸಿದರೆ, ಸುಣ್ಣವನ್ನೂ ಕೂಡಿಟ್ಟುಕೊಳ್ಳಿ. ಅದು ಎಷ್ಟಿದ್ದರೂ ಸಾಲುವುದಿಲ್ಲ.

ಬಿಸಿಲೇರುತ್ತಿದೆ, ಹೊರಡುತ್ತೇನೆ.

ಕಲ್ಲವ್ವ ಗೌಂಡಿ