ಶುಭ ಶುಕ್ರವಾರ ಹಾಕಿದ ಬೇಲಿ

ಏಪ್ರಿಲ್ 19, ಶನಿವಾರ

ಬೇಲಿ ಹಾಕಿದ್ದು ನಿನ್ನೆ, ಶುಭ ಶುಕ್ರವಾರ. ನಮ್ಮೂರ ಮರಳದಂಡೆಗೆ, ಈ ತುದಿಯಿಂದ ಆ ತುದಿಯವರೆಗೆ. ಬರೆದಿಡಬೇಕು. ನಾಲ್ಕು ವರ್ಷ ಕಳೆದರೆ ‘ಮೊದಲಿಂದಲೂ ಇತ್ತಲ್ಲ’ ಅನ್ನುತ್ತಾರೆ.

ನಾಳೆಯ ಹಬ್ಬಕ್ಕೆ ಬಾಳೆಲೆ ಬಾಡಿಸಿ ಅಂಟಕ್ಕಿ ಕಡುಬು ಕಟ್ಟುತ್ತಿದ್ದೆ. ಪಕ್ಕದ ಮನೆಯ ಪಾಸಿತ ಬಂದು ಹೇಳಿದಳು. ನಂಬಲಿಲ್ಲ. ಕೈ ತೊಳೆದುಕೊಂಡು ಹೋಗಿ ನೋಡಿದೆ. ಆಳೆತ್ತರದ ಜಾಲರಿ. ಗೇಟು. ರೆಸಾರ್ಟಿನ ಬೋರ್ಡು. ಒಳಗಡೆ ನಮ್ಮ ಗಾಳಿಮರಗಳು — ಎಂಬತ್ತೇಳರ ಚಂಡಮಾರುತದ ಮರುವರ್ಷ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ನಾನೇ ನೆಡಿಸಿದ್ದು. ಒಂದೊಂದಕ್ಕೂ ನಂಬರು ಹೊಡೆದಿದ್ದಾರೆ.

ಶುಕ್ರವಾರವೇ ಯಾಕೆ? ಆ ದಿನ ಇಲ್ಲಿ ಯಾರೂ ನೀರಿಗಿಳಿಯುವುದಿಲ್ಲ. ಮೂರು ಗಂಟೆ ದಾಟಿದ ಮೇಲೆ ಮಕ್ಕಳಿಗೆ ಸ್ನಾನವೂ ಇಲ್ಲ, ಓಟವೂ ಇಲ್ಲ — ಅವತ್ತಿನ ಗಾಯ ಮಾಯುವುದಿಲ್ಲ ಎಂದು ನಂಬಿಕೆ. ದೋಣಿಗಳೆಲ್ಲ ದಡಕ್ಕೆ. ಊರಿಗೆ ಊರೇ ಮೆರವಣಿಗೆಯಲ್ಲಿ. ಹೊರಗಿನ ಕಂಪನಿಗೆ ಈ ಲೆಕ್ಕ ತಾನಾಗಿ ಹೊಳೆಯುವುದಿಲ್ಲ. ಯಾರೋ ಹೇಳಿಕೊಟ್ಟಿದ್ದಾರೆ. ನಮ್ಮವರೇ.

ಏಪ್ರಿಲ್ 20, ಈಸ್ಟರ್

ನಸುಕಿನಲ್ಲಿ ಎರಡು ಮೆರವಣಿಗೆಗಳೂ, ಎದ್ದುಬಂದ ಯೇಸುವಿನದು ಮತ್ತು ದುಃಖದ ಮಾತೆಯದು, ಚೌಕದಲ್ಲಿ ಕೂಡಿದವು. ಈ ವರ್ಷ ದೇವದೂತೆ ನನ್ನ ಮೊಮ್ಮಗಳು ಮಯೂಮಿ. ಒಂಬತ್ತು ವರ್ಷ, ಹಲ್ಲು ಕಚ್ಚಿಕೊಂಡು ಹಗ್ಗದಲ್ಲಿ ತೂಗಿ ಇಳಿದು, ಮಾತೆಯ ಮೂರ್ತಿಯ ಮುಖದ ಕರಿ ಸೆರಗನ್ನು ಎತ್ತಿದಳು. ಜನ ಚಪ್ಪಾಳೆ ತಟ್ಟಿದರು. ಖರ್ಚೆಲ್ಲ ಕೌನ್ಸಿಲರ್ ಎವರಿಸ್ತೊನದು. ಮಯೂಮಿಯ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತ ಜ್ಞಾನತಂದೆ. ಅಂದಿನಿಂದ ಅವಳ ಅಪ್ಪ, ನನ್ನ ಮಗ ಇಸಗಾನಿಗೂ ಅವನಿಗೂ ನೆಂಟರ ಹಾಗೆ ‘ಕುಂಪಾರೆ, ಕುಂಪಾರೆ’. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ.

ಪೂಜೆ ಮುಗಿಸಿ ಎಲ್ಲರೂ ಎಂದಿನಂತೆ ಪಾತ್ರೆ, ಚಾಪೆ, ಐಸ್ ಡಬ್ಬಿ ಹೊತ್ತು ಕಡಲಿಗೆ. ಗೇಟಿನಲ್ಲಿ ಗಾರ್ಡ್. ಜನ ನಿಂತರು. ಯಾರೋ ಬೈದರು, ಯಾರೋ ನಕ್ಕರು. ಗಾರ್ಡ್ ಫೋನಿನಲ್ಲಿ ಮಾತಾಡಿ ನಮ್ಮನ್ನು ಮಾತ್ರ ಕರೆದ. ಕೌನ್ಸಿಲರ್ ಹೇಳಿದ್ದಾರಂತೆ, ಇಸಗಾನಿಯ ಮನೆಯವರು ನಮ್ಮವರು, ಬಿಡಿ ಎಂದು.

ಪಾಸಿತ ಮೊಮ್ಮಗಳು ಟಾಲಾಳ ಕೈ ಹಿಡಿದು ಪಕ್ಕದಲ್ಲೇ ಇದ್ದಳು. ಟಾಲಾ, ಮಯೂಮಿ ಒಂದೇ ಬೆಂಚಿನವರು.

“ಅಮ್ಮ, ಮಕ್ಕಳು ನಾಲ್ಕಕ್ಕೆ ಎದ್ದಿದ್ದಾವೆ. ಒಂದು ಮುಳುಗು ಹಾಕ್ಲಿ. ಜಗಳ ಆಮೇಲೆ ಆಡಿದ್ರಾಯ್ತು,” ಅಂದ ಇಸಗಾನಿ.

“ಪಾಸಿತ?”

“ಅವಳಿಗೆ ಕುಂಪಾರೆ ಇಲ್ದೆ ಹೋದ್ರೆ ಅದೂ ನನ್ ತಪ್ಪಾ?” ತಮಾಷೆ ಮಾಡಿದ್ದು. ಅವಳಿಗೆ ಕೇಳಿಸಿತು.

ಅವರು ಒಳಗೆ ಹೋದರು. ಸೊಸೆ ರೊವೀನಾ ತಲೆ ತಗ್ಗಿಸಿ ಕೊನೆಗೆ ಹೋದಳು. ನಾನು ಪಾಸಿತಳ ಜೊತೆ ರಸ್ತೆಬದಿಯಲ್ಲಿ ಚಾಪೆ ಹಾಸಿದೆ. ಕಡುಬು ಬಿಚ್ಚಿದೆವು. ಟಾಲಾ ಜಾಲರಿಯಲ್ಲಿ ಬೆರಳು ಸಿಕ್ಕಿಸಿಕೊಂಡು ನಿಂತೇ ತಿಂದಳು.

ಸಂಜೆ ಮಯೂಮಿಯ ತಮ್ಮ, ಐದು ವರ್ಷದ ಕಿದ್ಲಾತ್ ನನ್ನ ಮಡಿಲಿಗೆ ಬಿದ್ದು, “ಅಜ್ಜಿ, ಒಳಗಡೆ ಕಡಲು ಖಾಲಿ ಇತ್ತು,” ಅಂದ.

ಏಪ್ರಿಲ್ 27

ಬೆಟ್ಟದ ಜಲಪಾತಕ್ಕೆ ಹೋಗಿ ಬಂದೆವು. ಎವರಿಸ್ತೊ ವ್ಯಾನು ಕಳಿಸಿದ್ದ. ನನಗೆ ಊರವರೆಲ್ಲ ಹತ್ತುವ ಬಾಡಿಗೆ ಜೀಪ್ನಿಯೇ ಸಾಕಿತ್ತು. ಮಯೂಮಿ ಟಾಲಾಳನ್ನು ಕರೆಯಲು ಓಡಿದಳು, ಒಬ್ಬಳೇ ವಾಪಸು ಬಂದಳು. “ನಿಮ್ಮವರ ಗಾಡಿ ತುಂಬಿರುತ್ತೆ ಮಗಾ” ಅಂದಳಂತೆ ಪಾಸಿತ. ವ್ಯಾನಿನಲ್ಲಿ ಮೂರು ಸೀಟು ಖಾಲಿ ಇದ್ದವು.

ನೀರು ತಣ್ಣಗಿತ್ತು. ಕಿದ್ಲಾತ್ ದಾರಿಯುದ್ದಕ್ಕೂ ವಾಂತಿ ಮಾಡಿದ. ಹಸಿ ಮಾವಿನಕಾಯಿಗೆ ಸೀಗಡಿ ಹಿಂಡಿ ಹಚ್ಚಿ ತಿಂದದ್ದು. ಮಯೂಮಿ ನೀರಿಗೆ ಇಳಿಯಲೇ ಇಲ್ಲ.

ಮೇ 3

ಮೇ ಮಾತೆಯ ತಿಂಗಳು, ಮಕ್ಕಳು ದಿನಾ ಸಂಜೆ ಹೂ ತಗೊಂಡು ಚರ್ಚಿಗೆ ಹೋಗುತ್ತಾರೆ. ಇವತ್ತು ನಾನೂ ಹೋದೆ. ಮೆಟ್ಟಿಲ ಮೇಲೆ ಎವರಿಸ್ತೊ ಸಿಕ್ಕಿದ. ಬಗ್ಗಿ ನನ್ನ ಕೈಯನ್ನು ಹಣೆಗೆ ಒತ್ತಿಕೊಂಡ. ಮರ್ಯಾದೆಗೇನೂ ಕಡಿಮೆಯಿಲ್ಲ. ಅವನಿಗೆ ಅಕ್ಷರ ಕಲಿಸಿದ್ದು ನಾನು. ಈಜು ಕಲಿಸಿದ್ದು ನನ್ನ ಗಂಡ, ಅದೇ ದಂಡೆಯಲ್ಲಿ, ಬಿಟ್ಟಿಯಾಗಿ.

ದಂಡೆ ಯಾರ ಸ್ವತ್ತೂ ಅಲ್ಲ, ಮಾರುವುದಕ್ಕೂ ಬರುವುದಿಲ್ಲ, ಕಾನೂನು ಓದಿದ್ದೀಯಾ ಎಂದು ಕೇಳಿದೆ. ಮಾರಿಲ್ಲ, ಗುತ್ತಿಗೆ, ಊರಿಗೆ ಕೆಲಸ ಬರುತ್ತೆ ಅಂದ. ಸಭೆ ಯಾವಾಗ ಕರೆದಿದ್ದೆ ಅಂದೆ.

“ಟೀಚರ್, ನಿಮಗ್ಯಾಕೆ ಚಿಂತೆ? ನಿಮಗೆ ಯಾವಾಗ್ಲೂ ಗೇಟು ತೆಗೆದೇ ಇರುತ್ತೆ.”

ನನ್ನದನ್ನೇ ಕಸಿದು ನನಗೇ ಉಪಕಾರವಾಗಿ ಕೊಡುತ್ತಾನೆ. ಅದಕ್ಕೆ ನಾನು ಸಂತೋಷವನ್ನೂ ಪಡಬೇಕು.

ಮೇ 11, ಭಾನುವಾರ, ರಾತ್ರಿ

ಟಾಲಾ ಆಸ್ಪತ್ರೆಯಲ್ಲಿ.

ಬೇಲಿ ಬಂದ ಮೇಲೆ ನಮ್ಮ ಬೀದಿಯ ಮಕ್ಕಳೆಲ್ಲ ಅಳಿವೆಗೆ ಹೋಗುತ್ತಿದ್ದರು. ಹೊಳೆ ಕಡಲಿಗೆ ಸೇರುವ ಜಾಗ, ಅಡಿಯಲ್ಲಿ ಸೆಳೆತ. ಹಿಂದೆಲ್ಲ ಅಲ್ಲಿಗೆ ಹೋದ ಮಕ್ಕಳಿಗೆ ಏಟು ಬೀಳುತ್ತಿತ್ತು. ಈಗ ಯಾವ ಬಾಯಿಂದ ಬೈಯುವುದು? ಬೇರೆ ನೀರು ಎಲ್ಲಿದೆ? ಇಳಿತದ ಹೊತ್ತು, ಎಳೆದುಕೊಂಡು ಹೋಯಿತು. ಬಲೆ ಹಾಕುತ್ತಿದ್ದವರು ಕೂದಲು ಹಿಡಿದು ಎತ್ತಿದರು. ಉಸಿರು ಇದೆ. ಕಣ್ಣು ಬಿಟ್ಟಿಲ್ಲ.

ಪಾಸಿತ ಆಸ್ಪತ್ರೆಯ ಬೆಂಚಿನಲ್ಲಿ ಸ್ವಲ್ಪ ಸರಿದು ನನಗೆ ಜಾಗ ಕೊಟ್ಟಳು.

ಮೇ 13

ಕಣ್ಣು ಬಿಟ್ಟಿದ್ದಾಳೆ. ನೀರು ಕುಡಿಸಲು ಲೋಟ ತಂದರೆ ಕಿರುಚುತ್ತಾಳೆ. ಚಮಚದಲ್ಲಿ ಹಾಕಬೇಕು.

ಎವರಿಸ್ತೊ ಹಣ್ಣಿನ ಬುಟ್ಟಿ ಕಳಿಸಿದ. ಮಧ್ಯಾಹ್ನ ರೇಡಿಯೋದಲ್ಲಿ ಅವನದೇ ದನಿ — ಈಜು ಬಾರದ ಮಕ್ಕಳನ್ನು ಹಿರಿಯರು ಹೊಳೆಗೆ ಬಿಡಬಾರದು, ಜವಾಬ್ದಾರಿ ಬೇಕು. ವಾರ್ಡಿನವರೆಲ್ಲ ಕೇಳಿದರು. ಪಾಸಿತ ಎದ್ದು ಹೋಗಿ ಬುಟ್ಟಿಯನ್ನು ಕಕ್ಕಸಿನ ಹತ್ತಿರ ಇಟ್ಟು ಬಂದಳು.

ಮೇ 24

ಬರೆಯಲು ಮನಸ್ಸಿರಲಿಲ್ಲ. ಟಾಲಾ ಮನೆಗೆ ಬಂದಿದ್ದಾಳೆ. ಅಂಗಳ ದಾಟುವುದಿಲ್ಲ. ಮಯೂಮಿ ದಿನಾ ಹೋಗಿ ಪಕ್ಕದಲ್ಲಿ ಕೂತು ಬರುತ್ತಾಳೆ.

ಇವತ್ತು ಕುಂಪಾರೆ ಬಂದಿದ್ದ. ಮುಂದಿನ ಶನಿವಾರ ರೆಸಾರ್ಟು ಶುರುವಾಗುತ್ತದಂತೆ, ರಿಬ್ಬನ್ನು ಮಯೂಮಿಯೇ ಕತ್ತರಿಸಬೇಕಂತೆ. ದೇವದೂತೆಯ ಅದೇ ಬಟ್ಟೆಯಲ್ಲಿ. ಇಸಗಾನಿ ಆಗಲಿ ಅಂದುಬಿಟ್ಟ.

ಅವನು ಹೋದ ಮೇಲೆ ಕೂಗಾಡಿದೆ. ಇಸಗಾನಿ ಕಡೆಯವರೆಗೂ ದನಿ ಎತ್ತಲಿಲ್ಲ.

“ಜ್ಞಾನತಂದೆ ಕೇಳಿದ್ದಕ್ಕೆ ಇಲ್ಲ ಅನ್ನೋದು ಹೆಂಗಮ್ಮ? ನೀನೇ ಅಲ್ವಾ ಅವ್ನನ್ನ ಆರ್ಸಿದ್ದು, ದೊಡ್ಡ ಮನುಷ್ಯ ಆಗ್ತಾನೆ ಅಂತ?”

ಹೌದು. ಮಗುವಿನ ಬೆನ್ನಿಗೊಂದು ದೊಡ್ಡ ಕೈ ಇರಲಿ ಎಂದು ಎಲ್ಲ ಮನೆಗಳೂ ಹಾಗೆಯೇ ಆರಿಸುತ್ತವೆ. ಆ ಕೈ ಬೆನ್ನಿನಿಂದ ಬಾಯಿಗೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ.

ರೊವೀನಾ ಆ ದೇವದೂತೆಯ ಬಟ್ಟೆಯನ್ನೇ ಇಸ್ತ್ರಿ ಮಾಡುತ್ತಿದ್ದಳು. ರೆಕ್ಕೆಯ ಅಂಚು ಸುಟ್ಟಿತು. ಬೇಕೆಂದೇ ಸುಟ್ಟಳೋ ಏನೋ.

ಮೇ 31

ಹೋಗಬಾರದೆಂದಿದ್ದೆ. ಮಯೂಮಿ ಕೈ ಬಿಡಲಿಲ್ಲ.

ಪೆಂಡಾಲು, ಬ್ಯಾಂಡು, ಹುರಿದ ಹಂದಿ. ಜಾಲರಿಯ ಆಚೆ ನಮ್ಮ ಬೀದಿಯವರು ನಿಂತು ನೋಡುತ್ತಿದ್ದರು. ಮಯೂಮಿಯ ಕೈಗೆ ಕತ್ತರಿ ಬಂತು, ಮೈಕೂ ಬಂತು. ಜ್ಞಾನತಂದೆಗೆ ಒಂದು ಥ್ಯಾಂಕ್ಸ್ ಹೇಳಿಸುವುದು ಅವರ ಏರ್ಪಾಡು.

ಮಯೂಮಿ ಎವರಿಸ್ತೊನನ್ನೇ ನೋಡಿ ಕೇಳಿದಳು, “ಟಾಲಾನೂ ಒಳಗೆ ಬರಬಹುದಾ?”

ಅವನು ನಕ್ಕ. “ನಿನ್ ಫ್ರೆಂಡ್ ಅಲ್ವಾ? ಬರ್ಲಿ ಬಿಡು.” ಚಪ್ಪಾಳೆ.

“ಪಾಸಿತಜ್ಜಿ?”

“ಅವ್ರೂ ಬರ್ಲಿ.” ಮತ್ತೆ ಚಪ್ಪಾಳೆ, ಸ್ವಲ್ಪ ಕಡಿಮೆ.

ಮಯೂಮಿ ನಿಲ್ಲಿಸಲಿಲ್ಲ. ಜಾಲರಿಯ ಕಡೆ ತಿರುಗಿ ಒಬ್ಬೊಬ್ಬರ ಹೆಸರು ಹೇಳತೊಡಗಿದಳು. ಐಸ್ ಮಾರುವವನು, ಅವನ ಹೆಂಡತಿ, ಮೀನಿನ ಬುಟ್ಟಿಯ ಅಕ್ಕ, ಕುಂಟು ಬಡಗಿ, ಅವನ ಮಕ್ಕಳು, ಮನೆಯಿಂದ ಮನೆಗೆ. ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಬೀದಿಯ ಅರ್ಧಕ್ಕೆ ಬಂದಿದ್ದಳು, ಯಾರೋ ಮೈಕು ತಗೊಂಡರು. ಬ್ಯಾಂಡು ಶುರುವಾಯಿತು. ಎವರಿಸ್ತೊ ನಗುತ್ತಲೇ ಅವಳ ಕೈ ಹಿಡಿದು, ಅವಳ ಬೆರಳುಗಳಿಂದಲೇ ರಿಬ್ಬನ್ನು ಕತ್ತರಿಸಿದ.

ಮನೆಗೆ ಬರುವಾಗ ಇಸಗಾನಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಹೆಗಲೇರುವ ವಯಸ್ಸು ಅವಳದಲ್ಲ. ರಾತ್ರಿ ಅವನು ಊಟ ಮಾಡಲಿಲ್ಲ.

ಜೂನ್ 1, ಭಾನುವಾರ, ಬೆಳಿಗ್ಗೆ

ಚರ್ಚಿನ ಮೊದಲ ಗಂಟೆ ಆಯಿತು. ಇಸಗಾನಿ ಹೊಸ್ತಿಲ ಮೇಲೆ ಶೂ ಹಾಕಿಕೊಳ್ಳುತ್ತಾ ಕೂತಿದ್ದಾನೆ. ಬರುತ್ತೇನೆ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಪಕ್ಕದ ಅಂಗಳದಿಂದ ಪಾಸಿತ ಕೂಗಿ, “ಟೀಚರ್, ಇವತ್ತು ಅವನನ್ನ ಕೇಳ್ತೀರಾ, ಇಲ್ಲ ಬರೀ ಬರೀತೀರಾ?” ಅಂದಳು.

ಕೇಳುತ್ತೇನೆ. ಪೂಜೆ ಮುಗಿದ ಮೇಲೆ, ಮೆಟ್ಟಿಲ ಮೇಲೆ, ಅವನು ಕೈ ಹಣೆಗೊತ್ತಿಕೊಳ್ಳಲು ಬಗ್ಗುವ ಮುಂಚೆ. ಕೈ ಕೊಡುವುದಿಲ್ಲ. ಗುತ್ತಿಗೆ, ಕೆಲಸ, ಅಭಿವೃದ್ಧಿ, ಅದ್ಯಾವುದೂ ಇವತ್ತು ಬೇಡ. ಎವರಿಸ್ತೊ, ಆ ಶುಕ್ರವಾರ ನೀನೂ ಮೇಣದಬತ್ತಿ ಹಿಡಿದು ನನ್ನ ಮುಂದೆಯೇ ನಡೆಯುತ್ತಿದ್ದೆ. ಊರೆಲ್ಲ ಕೇಳುವ ಹಾಗೆ ಹೇಳು — ಅವತ್ತೇ ಬೇಲಿ ಹಾಕಿ, ನಮ್ಮವರ್ಯಾರೂ ಕಡಲ ಕಡೆ ಬರುವುದಿಲ್ಲ ಅಂತ ಕಂಪನಿಯವರಿಗೆ ಹೇಳಿಕೊಟ್ಟದ್ದು ಯಾರು?