ಬಟ್ಟಿ ತಿಕ್ಕುವ ಕಾಳವ್ವಾಯಿಗೆ

ಗುಳೇದಗುಡ್ಡ, ೨೨೧೪ನೇ ಇಸವಿ, ಫೆಬ್ರವರಿ ಮೂವತ್ತು

ಕಾಳವ್ವಾಯಿ, ಶರಣು. ತಾರೀಖು ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಲೆ ಕೆಟ್ಟಿರುವುದು ನಿಜವೇ, ಆದರೆ ಅದಕ್ಕೆ ಕಾರಣ ನೀವು. ನಾನು ನಿಮ್ಮ ವಂಶದ ಏಳನೇ ತಲೆಮಾರಿನವಳು, ಇಂಚರಾ, ಇಲ್ಲಿನ ಆಸ್ಪತ್ರೆಯಲ್ಲಿ ರಕ್ತನಾಳದ ವೈದ್ಯೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಮರುಟಪಾಲಿನಲ್ಲಿ ಇದನ್ನು ಹಾಕುತ್ತಿದ್ದೇನೆ. ಅದರಲ್ಲಿ ಅರ್ಧಕ್ಕರ್ಧ ಕಾಗದ ದಾರಿಯಲ್ಲೇ ಕಳೆಯುತ್ತವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಹಿರಿಯರಿಗೆ ಹೀಗೆ ದಬಾಯಿಸಿ ಬರೆಯುವುದು ತಪ್ಪೆಂದೂ ಗೊತ್ತು.

ನನ್ನಪ್ಪ ಸಂಗಪ್ಪನ ಹೊಟ್ಟೆಯಲ್ಲಿ ಮಹಾಧಮನಿ ಉಬ್ಬಿದೆ. ಎದೆಯಿಂದ ಕೆಳಗೆ ರಕ್ತ ಒಯ್ಯುವ ದೊಡ್ಡ ನಾಳ ಅದು. ಒಡೆದರೆ ಮನುಷ್ಯ ಉಳಿಯುವುದು ಅಪರೂಪ. ಉಬ್ಬು ಕಿಡ್ನಿಗೆ ಹೋಗುವ ಕವಲುಗಳ ಬುಡದವರೆಗೂ ಹತ್ತಿರುವುದರಿಂದ ನಾಳ ಒಡೆಯದಂತೆ ಒಳಗೆ ಬರೀ ಕೊಳವೆ ತೂರಿಸಿದರೆ ಕವಲುಗಳು ಮುಚ್ಚಿಹೋಗುತ್ತವೆ. ನಿಮ್ಮ ಕಾಲದಲ್ಲಿ ತೊಡೆಸಂದಿಯಿಂದ ಸ್ಟೆಂಟ್ ಕೊಳವೆ ಏರಿಸಿ, ಕವಲುಗಳ ಎದುರಿಗೆ ರಕ್ತ ಹರಿಯಲು ಕಿಟಕಿ ಬಿಡುತ್ತಿದ್ದರು. ಒಬ್ಬೊಬ್ಬರ ಅಳತೆಗೆ ಕೊಳವೆ ತಯಾರಾಗಿ ಬರಲು ವಾರಗಟ್ಟಲೆ ಕಾಯುತ್ತಿದ್ದರಂತೆ. ನಮ್ಮಲ್ಲಿ ನೇಯ್ಗೆಹುಳು ಇದೆ. ಹೆಸರಷ್ಟೇ ಹುಳು, ಅಕ್ಕಿಕಾಳಿಗಿಂತ ಸಣ್ಣ ಯಂತ್ರ. ಅದೇ ದಾರಿಯಲ್ಲಿ ಒಳಹೋಗಿ, ನಾಳದೊಳಗೇ ಕೊಳವೆ ನೇಯ್ದು, ಕಿಟಕಿಗಳನ್ನೂ ಬಿಟ್ಟು ಬರುತ್ತದೆ. ಮಗ್ಗದ ಪೂಜೆಯ ದಿನ ಊರವರು ಅದರ ಡಬ್ಬಿಗೂ ಕುಂಕುಮ ಹಚ್ಚುತ್ತಾರೆ. ಮಧ್ಯಾಹ್ನ ನೇಯಿಸಿಕೊಂಡವರು ಸಂಜೆ ಎದ್ದು ಕೂತು ರೊಟ್ಟಿ ಉಣ್ಣುತ್ತಾರೆ. ಆದರೆ ಹುಳು ನಡೆಯುವುದು ನಾವು ಮೊದಲೇ ತೆಗೆದ ನಕ್ಷೆಯಂತೆ. ನಕ್ಷೆ ತೆಗೆದ ಮೇಲೆ ಹೊಟ್ಟೆಯನ್ನು ಯಾರೂ ಅಮುಕಬಾರದು, ಇಷ್ಟೇ ನಿಯಮ.

ಇಷ್ಟನ್ನು ಅಪ್ಪನಿಗೆ ಹೇಳಿ ಹೇಳಿ ಬಾಯಿ ಒಣಗಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹೊಕ್ಕುಳ ಹತ್ತಿರ ಬಡಿತ ಜೋರಾಗಿದೆ ಎಂದು ಆತ ಹೋದದ್ದು ತನ್ನ ಅಕ್ಕ ನೀಲವ್ವನ ಬಳಿಗೆ. ನೀವು ಮಗಳಿಗೆ, ಆಕೆ ತನ್ನ ಮಗಳಿಗೆ ಕಲಿಸುತ್ತ ಬಂದ ವಿದ್ಯೆ ಈಗ ನೀಲವ್ವನ ಕೈಯಲ್ಲಿದೆ. ಹೊಕ್ಕುಳಲ್ಲಿ ಹೆಬ್ಬೆರಳು ಊರುವುದು, ಬಡಿತ ಪಕ್ಕಕ್ಕಿದ್ದರೆ ಬಟ್ಟಿ, ಅಂದರೆ ಹೊಕ್ಕುಳ ನಾಡಿ, ಸರಿದಿದೆ ಎನ್ನುವುದು, ಎಣ್ಣೆ ಹಚ್ಚಿ ತಿಕ್ಕುವುದು. ಆಕೆ ಪ್ರೀತಿಯಿಂದಲೇ ತಿಕ್ಕಿದಳು. ಉಬ್ಬಿನ ಗೋಡೆಗೆ ಅಂಟಿದ್ದ ರಕ್ತದ ಹೆಪ್ಪು ಕದಲಿ ಎಡ ಕಿಡ್ನಿಯ ಕವಲಿಗೆ ಸಿಕ್ಕಿಕೊಂಡಿತು. ಆ ಕಿಡ್ನಿ ಹೋಯಿತು, ನಕ್ಷೆಯೂ ಕಸಕ್ಕೆ ಹೋಯಿತು.

ಹೊಸ ನಕ್ಷೆ ತೆಗೆದಿದ್ದೇವೆ, ಸೋಮವಾರ ನೇಯ್ಗೆ. ಈಗ ಅಪ್ಪ, ಅದಕ್ಕೂ ಮೊದಲು ಇನ್ನೊಮ್ಮೆ ಬಟ್ಟಿ ತಿಕ್ಕಿಸಿಕೊಂಡೇ ಬರುತ್ತೇನೆ ಎಂದು ಹಟ ಹಿಡಿದಿದ್ದಾನೆ! ಗೋಡೆ ತೆಳ್ಳಗಾಗಿದೆ, ಈ ಸಲ ಒಡೆದೇ ಒಡೆಯುತ್ತದೆ. ಬೈದೆ, ಚಿತ್ರ ತೋರಿಸಿದೆ, ಕಾಲು ಹಿಡಿದೆ.

“ನಿನ್ನ ಹುಳ ನಿನ್ನೆ ಮೊನ್ನೆ ಹುಟ್ಟೈತಿ. ಕಾಳವ್ವಾಯಿ ಏನ್ ಹೇಳ್ಯಾಳ, ನಾ ಅದನ್ನ ಕೇಳ್ತೀನಿ,” ಅಂದ.

ಮೈಯೆಲ್ಲ ಉರಿಯಿತು. ಎಂದೋ ತೀರಿಹೋದ ನಿಮ್ಮ ಮಾತಿಗಿರುವ ಬೆಲೆ ಎದುರಿಗೆ ನಿಂತ ಮಗಳ ಮಾತಿಗಿಲ್ಲ. ಇರಲಿ, ಹಾಗಾದರೆ ನೀವೇ ಹೇಳಿ. ವಿದ್ಯೆ ಬಿಡಿ ಎನ್ನುವುದಿಲ್ಲ; ಮಗಳಿಗೆ ಕಲಿಸುವಾಗ ಒಂದು ಮಾತು ಸೇರಿಸಿ. ಬಡಿತ ಅಗಲವಾಗಿ ಹರಡಿ ಬೆರಳನ್ನು ಮೇಲಕ್ಕೆ ನೂಕಿದರೆ ಅದು ಬಟ್ಟಿಯಲ್ಲ. ಕೈ ತೆಗೆ, ಡಾಕ್ಟರ ಹತ್ತಿರ ಕಳಿಸು. ಬರೆದಿಡಬೇಡಿ, ನಮ್ಮ ಮನೆಯಲ್ಲಿ ಬರೆದದ್ದನ್ನು ಯಾರೂ ನಂಬುವುದಿಲ್ಲ. ನಿಮ್ಮ ಮಗಳ ಹೆಬ್ಬೆರಳು ಹಿಡಿದು ಗದರಿಸಿ ಹೇಳಿ. ನಿಮ್ಮ ಬಾಯಿಂದ ಬಂದದ್ದಾದರೆ ನೀಲವ್ವ ಸತ್ತರೂ ಮೀರುವವಳಲ್ಲ.

ಅಪ್ಪ ಎಣ್ಣೆ ಶೀಸೆಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾನೆ. ಬೇಗ ಹೇಳಿ, ಆಯಿ.